ವ್ಯಾನುಗಳ ವರ್ಷದ ಲೆಕ್ಕ

ಸೆಪ್ಟೆಂಬರ್ ೨೮, ಭಾನುವಾರ

ಪ್ರೀತಿಯ ಗುಂಡೂ,

ನಾನು ಚೆನ್ನಾಗಿದ್ದೇನೆ. ಹೊತ್ತು ಹೊತ್ತಿಗೆ ತಿನ್ನುತ್ತಿದ್ದೇನೆ, ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ, ಚಿಲಕ ಹಾಕಿಕೊಂಡೇ ಮಲಗುತ್ತಿದ್ದೇನೆ. ನೀನು ಕೇಳುವುದು ಇಷ್ಟೇ ಎಂದು ಗೊತ್ತಿರುವುದರಿಂದ ಉತ್ತರಗಳನ್ನು ಮೊದಲೇ ಬರೆದುಬಿಟ್ಟೆ. ನೀನು ಮೂರು ಪತ್ರ ಹಾಕಿದೆ, ಎಷ್ಟೋ ಸಲ ಫೋನು ಮಾಡಿದೆ, ಅಕ್ಕ ಅನ್ನಿಸಿಕೊಂಡವಳು ಒಂದಕ್ಕೂ ಓಗೊಡಲಿಲ್ಲ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಪತ್ರ ಉದ್ದವಾಗುವ ಹಾಗಿದೆ. ನಿನ್ನ ಮಗಳು ಬರೆದ ನನ್ನ ಚಿತ್ರ ತಲುಪಿತು. ಮೂಗು ಅಷ್ಟುದ್ದ ಯಾರಿಂದ ತಂದಳೋ ಕೇಳು. ಅದು ನಿನ್ನ ಗಂಡನ ಕಡೆಯ ಮೂಗು.

ಫೋನು ಎತ್ತದೇ ಇದ್ದದ್ದು ಕೋಪದಿಂದಲ್ಲ ಮಾರಾಯ್ತಿ. ನೀನು ಆ ಕಡೆ ಅಳಲು ಶುರು ಮಾಡುತ್ತೀ, ನಾನು ಈ ಕಡೆ ಗೋಡೆಯ ಬಣ್ಣ ನೋಡುತ್ತ ನಿಂತಿರುತ್ತೇನೆ. ಗಂಡ ನನ್ನವರು, ಅಳು ಮಾತ್ರ ನಿನ್ನದು. ಅವರು ಹೋಗಿ ಐದು ತಿಂಗಳಾಯಿತು, ನನಗೆ ಒಂದು ಹನಿ ಬಂದಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಮೈಯೆಲ್ಲ ಹಾಗಿದೆ. ಬಂದುಹೋಗುವವರು ನನ್ನ ಮುಖ ನೋಡಿ ಗಟ್ಟಿಗಿತ್ತಿ ಅನ್ನುತ್ತಾರೆ. ಅನ್ನಲಿ ಎಂದು ಸುಮ್ಮನಿದ್ದೇನೆ.

ಬರೆಯಲು ಕುಳಿತದ್ದು ಬೇರೆಯದೇ ವಿಷಯಕ್ಕೆ. ನೀನು ಬ್ಯಾಂಕಿನವಳು, ಓದಿ ನಗಬೇಡ. ನಿನ್ನ ಅಕ್ಕ, ಆರನೆಯ ಕ್ಲಾಸಿನಿಂದ ಲೆಕ್ಕದ ಹೋಂವರ್ಕನ್ನು ತಂಗಿಯ ಕೈಲಿ ಮಾಡಿಸಿಕೊಂಡವಳು, ಈ ತಿಂಗಳು ಒಂದು ಟ್ರಸ್ಟಿನ ವರ್ಷದ ತೆರಿಗೆ ರಿಟರ್ನ್ ಓದಲು ಕಲಿತಳು.

ನಿನಗೆ ಟ್ರಸ್ಟ್ ಎಂದರೆ ನಮ್ಮ ಮುಂದಿನ ಕೋಣೆ, ಅದರಲ್ಲೊಂದು ಫೋನು, ಆ ಫೋನಿನ ಪಕ್ಕ ನಿನ್ನ ಭಾವ. ನನಗೂ ಅಷ್ಟೇ ಆಗಿತ್ತು. ಕಾಯಿಲೆಯವರನ್ನು ಆಸ್ಪತ್ರೆಗೆ ತಲುಪಿಸಿ ವಾಪಸು ಮನೆಗೆ ಬಿಡುವ ಎರಡು ವ್ಯಾನುಗಳು, ಇಬ್ಬರು ಡ್ರೈವರುಗಳು. ಹೆಚ್ಚಿನವರು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು. ನಡುನಡುವೆ ಹೆರಿಗೆಯವರು, ಕಾಲು ಮುರಿದುಕೊಂಡವರು, ಯಾರೇ ಫೋನು ಮಾಡಿದರೂ ಆಯಿತು. ಯಾರಿಂದಲೂ ಬಿಡಿಗಾಸು ತೆಗೆದುಕೊಳ್ಳುವುದಿಲ್ಲ. ನಾನು ಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ಸಂಬಳ ತಂದೆ, ಅವರು ಪೆನ್ಷನ್ ತಂದು ಫೋನಿನ ಪಕ್ಕ ಕುಳಿತರು. ಸಂಸಾರ ನಡೆಯಿತು.

ಅವರು ಹೋದ ಮೇಲೂ ಆ ಫೋನು ಬೆಳಗ್ಗೆ ಐದಕ್ಕೇ ಹೊಡೆದುಕೊಳ್ಳುತ್ತದೆ. ನಾನು ಎತ್ತುತ್ತೇನೆ. “ಸಾರ್ ಇಲ್ವಾ?” ಅನ್ನುತ್ತಾರೆ. ಇಲ್ಲ ಎಂದು ಅವರಿಗೂ ಗೊತ್ತು, ಅಭ್ಯಾಸ ಬಲ ಅಷ್ಟೇ. ನಾನು ಯಾರ ಮನೆ, ಎಷ್ಟೊತ್ತಿಗೆ, ಗಾಲಿಕುರ್ಚಿ ಬೇಕೇ ಎಂದು ಕೇಳಿ ಬರೆದುಕೊಂಡು ಡ್ರೈವರಿಗೆ ಹೇಳುತ್ತೇನೆ. ನಿನ್ನ ಫೋನು ಎತ್ತದವಳು ಆ ಫೋನು ಮಾತ್ರ ಹೇಗೆ ಎತ್ತುತ್ತಾಳೆ ಎಂದು ಕೇಳಬೇಡ. ಆ ಫೋನಿನಲ್ಲಿ ಯಾರೂ ನಾನು ಹೇಗಿದ್ದೇನೆ ಎಂದು ಕೇಳುವುದಿಲ್ಲ, ಅದಕ್ಕೇ ಸುಲಭ.

ತಿಂಗಳ ಮೊದಲ ವಾರ ಉಳಿದಿಬ್ಬರು ಟ್ರಸ್ಟಿಗಳು ಬಂದರು. ಒಬ್ಬರು ಔಷಧಿ ಅಂಗಡಿಯವರು, ನೀನು ನೋಡಿದ್ದೀ, ಮಾತಾಡುವಾಗಲೂ ಕೈಯಲ್ಲಿ ರಬ್ಬರ್ ಬ್ಯಾಂಡ್ ತಿರುವುತ್ತಿರುತ್ತಾರೆ. ಇನ್ನೊಬ್ಬರು ರಿಟೈರಾದ ಎಂಜಿನಿಯರ್. ಟೀ ಕುಡಿದರು, ಹವೆಯ ವಿಷಯ ಮಾತಾಡಿದರು, ನನ್ನ ಕುಂಡಗಳನ್ನು ಹೊಗಳಿದರು. ಕುಂಡದಲ್ಲಿರುವುದೆಲ್ಲ ಒಣಗಿದೆ. ಆಗಲೇ ನನಗೆ ಗೊತ್ತಾಯಿತು, ಏನೋ ಇದೆ ಎಂದು.

“ಅಕ್ಕ, ಮೂವತ್ತನೇ ತಾರೀಕು ರಿಟರ್ನ್ ಹಾಕ್ಬೇಕು,” ಅಂದರು ಔಷಧಿಯವರು. “ಮೂರು ಜನ ಟ್ರಸ್ಟಿಗಳ ಸಹಿ ಬೇಕು. ಸಾರ್ ಜಾಗಕ್ಕೆ ನಿಮ್ಮನ್ನ ತಗೊಂಡ್ರೆ...”

“ಹಾಕದೇ ಇದ್ರೆ?”

“ತೆರಿಗೆ ವಿನಾಯಿತಿ ಹೋಗತ್ತೆ. ವಿನಾಯಿತಿ ಇಲ್ಲ ಅಂದ್ರೆ ಯಾರೂ ದುಡ್ಡು ಕೊಡಲ್ಲ.”

ಎಂಜಿನಿಯರ್ ಗಂಟಲು ಸರಿಮಾಡಿಕೊಂಡರು. “ಇನ್ನೊಂದು ದಾರಿನೂ ಇದೆ ಅಕ್ಕ. ಫಾರಮ್ಮಲ್ಲೇ ಒಂದು ಚೌಕ ಇದೆ. ಇದು ಸಂಸ್ಥೆಯ ಕೊನೆಯ ರಿಟರ್ನ್ ಅಂತ. ಅಲ್ಲೊಂದು ಟಿಕ್ ಹಾಕಿದ್ರೆ ಮರ್ಯಾದೆಯಾಗಿ ಮುಗೀತು. ಸಾರ್ ಥರ ಮೈಮುರಿದು ಮಾಡೋರು ಇನ್ಯಾರಿದಾರೆ? ನೀವು ಹೂಂ ಅಂದ್ರೆ ಹಂಗೇ ಮಾಡೋಣ.”

ಹೂಂ ಅನ್ನಬೇಕಾದದ್ದು ನಾನು. ಮುಚ್ಚಿದವರು ಅನ್ನಿಸಿಕೊಳ್ಳಲು ಇಬ್ಬರಿಗೂ ಇಷ್ಟವಿಲ್ಲ. ಹೆಂಡತಿಯೇ ಮುಚ್ಚಿದಳು ಅಂದರೆ ಊರು ಬಾಯಿ ಮುಚ್ಚಿಕೊಂಡಿರುತ್ತದೆ. ಅವರನ್ನು ದೂರುವುದಿಲ್ಲ, ಒಳ್ಳೆಯವರೇ. ನಿಜ ಹೇಳುತ್ತೇನೆ ಗುಂಡೂ, ಆ ಚೌಕದ ಮಾತು ಕೇಳಿದಾಗ ಐದು ತಿಂಗಳಲ್ಲಿ ಮೊದಲ ಸಲ ನನಗೆ ಏನೋ ಅನಿಸಿತು. ಹಾಯೆನಿಸಿತು. ಒಂದು ಟಿಕ್ ಹಾಕಿದರೆ ಫೋನು ನಿಲ್ಲುತ್ತದೆ, ಮುಂದಿನ ಕೋಣೆಯಲ್ಲಿ ಸೋಫಾ ಹಾಕಿಕೊಂಡು ಎಲ್ಲರ ಹಾಗೆ ಟೀವಿ ನೋಡಬಹುದು.

ಆದರೆ ಓದದೆ ಸಹಿ ಹಾಕಬೇಡಿ ಎಂದು ಜೀವನಪೂರ್ತಿ ಮಕ್ಕಳ ತಲೆ ತಿಂದವಳು ನಾನು. ಮುಚ್ಚುವುದಿದ್ದರೂ ಓದಿ ಮುಚ್ಚುತ್ತೇನೆ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡು ಆಡಿಟರ ವಿಳಾಸ ಕೊಟ್ಟು ಹೋದರು.

ಆಡಿಟರ್ ಒಬ್ಬ ಹೆಂಗಸು, ನಿನ್ನ ವಯಸ್ಸಿರಬಹುದು. ಆಫೀಸು ಟೈರ್ ಪಂಕ್ಚರ್ ಅಂಗಡಿಯ ಮೇಲೆ. ಕೆಳಗೆ ಗಾಳಿ ಹಾಕುವ ಯಂತ್ರ ಶುರುವಾದರೆ ನೆಲವೇ ನಡುಗುತ್ತದೆ. ಆಕೆ ಮಾತು ಅರ್ಧಕ್ಕೆ ನಿಲ್ಲಿಸಿ, ಯಂತ್ರ ನಿಂತ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಾಳೆ. ಹದಿನೈದು ವರ್ಷದ ಅಭ್ಯಾಸವಂತೆ. ಕ್ಲಾಸಿನಲ್ಲಿ ಗಲಾಟೆ ಮಾಡುವ ಮಕ್ಕಳ ಮುಂದೆ ನನಗೆ ಈ ವಿದ್ಯೆ ಬರಲೇ ಇಲ್ಲ.

“ಆರನೇ ಕ್ಲಾಸಿನ ದಡ್ಡ ಹುಡುಗಿಗೆ ಹೇಳೋ ಹಾಗೆ ಹೇಳಿ,” ಅಂದೆ.

“ಅಷ್ಟೊಂದು ಕಷ್ಟ ಇಲ್ಲ ಟೀಚರ್. ಸರ್ಕಾರ ಕೇಳೋದು ಮೂರೇ ಮಾತು. ನೀವು ಯಾರು, ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು. ಉಳಿದಿದ್ದೆಲ್ಲ ಅದೇ ಮೂರು ಮಾತನ್ನ ತಿರುಗಿಸಿ ಮುರುಗಿಸಿ ಕೇಳೋದು.”

ಬಂದ ಹಣದ ಪುಟ ಬೇಗ ಮುಗಿಯಿತು. ಮೂರನೆಯ ಒಂದು ಭಾಗ ಊರ ಹೊರಗಿನ ಬ್ಯಾಟರಿ ಕಾರ್ಖಾನೆಯವರದು. ಉಳಿದದ್ದು ಊರಿನವರು ಸಣ್ಣ ಸಣ್ಣದಾಗಿ ಕೊಟ್ಟದ್ದು, ಬ್ಯಾಂಕಿನ ಒಂದಿಷ್ಟು ಬಡ್ಡಿ. ಖರ್ಚಿನ ಪುಟಕ್ಕೆ ಬಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಇಡೀ ಖರ್ಚನ್ನು ಮೂರು ಕಡೆ ಹಂಚಿದ್ದರು. ಸೇವೆ, ಆಡಳಿತ, ಹಣ ಸಂಗ್ರಹ. ಡೀಸೆಲ್, ಟೈರು, ಡ್ರೈವರುಗಳ ಸಂಬಳ ಇವೆಲ್ಲ ಸೇವೆ. ಫೋನಿನ ಬಿಲ್ಲು, ಆಡಿಟರ್ ಫೀಸು ಆಡಳಿತ. ಹಣ ಕೊಡಿ ಎಂದು ಕೇಳಿ ಅಚ್ಚು ಹಾಕಿಸಿದ ಕಾಗದ ಹಣ ಸಂಗ್ರಹ. ನೂರು ಬಂದರೆ ತೊಂಬತ್ತೊಂದು ಸೇವೆಗೆ, ಏಳು ಆಡಳಿತಕ್ಕೆ, ಎರಡು ಸಂಗ್ರಹಕ್ಕೆ. ಈ ತೊಂಬತ್ತೊಂದನ್ನು ನಿನ್ನ ಭಾವ ನಿನಗೂ ಹೇಳಿರಬೇಕು. ಮದುವೆ ಮನೆಗೆ ಹೋದರೂ ಹೇಳುತ್ತಿದ್ದರು. ಗಂಡು ಎಷ್ಟು ಓದಿದ್ದಾನೆ ಎಂದು ಯಾರಾದರೂ ಕೇಳಿದರೆ ಇವರು ತೊಂಬತ್ತೊಂದು ಅನ್ನುವವರು.

“ಎಲ್ಲಾ ಟ್ರಸ್ಟಲ್ಲೂ ಇಷ್ಟೇ ಇರತ್ತಾ?” ಎಂದು ಕೇಳಿದೆ.

“ಇಲ್ಲ. ಇದು ಸ್ವಲ್ಪ ಜಾಸ್ತಿನೇ ಚೆನ್ನಾಗಿದೆ.” ಕೆಳಗೆ ಯಂತ್ರ ಶುರುವಾಯಿತು. ಕಾದಳು. “ಆಡಳಿತ ಅಂದ್ರೆ ಕಳ್ಳತನ ಅಲ್ಲ ಟೀಚರ್. ಫೋನ್ ಎತ್ತೋರು ಇಲ್ಲದೇ ಇದ್ರೆ ವ್ಯಾನು ಯಾರ ಮನೆಗೆ ಹೋಗತ್ತೆ? ಆ ಖರ್ಚು ಇಷ್ಟು ವರ್ಷ ಇರ್ಲಿಲ್ಲ ಅಂತಲ್ಲ. ಅದನ್ನ ನಿಮ್ಮನೆಯವ್ರು ಕೊಡ್ತಿದ್ರು, ಅಷ್ಟೆ.”

ಅಷ್ಟೆ ಎಂದು ಆಕೆ ಸುಲಭವಾಗಿ ಅಂದಳು. ನಾನು ಆ ಏಳನ್ನು ನೋಡುತ್ತ ಕುಳಿತೆ. ಅದರೊಳಗೆ ನಮ್ಮ ಭಾನುವಾರಗಳಿರಲಿಲ್ಲ. ನಿನ್ನ ಮಗಳ ಮೊದಲ ಹುಟ್ಟುಹಬ್ಬಕ್ಕೆ ಟಿಕೆಟ್ಟು ಮಾಡಿಸಿ, ಡ್ರೈವರಿಗೆ ಜ್ವರ ಎಂದು ರದ್ದು ಮಾಡಿದ್ದು ಇರಲಿಲ್ಲ. ಹಾಗೆ ನೋಡಿದರೆ ಅದನ್ನು ಕೊಟ್ಟವರು ಅವರೊಬ್ಬರೇ ಅಲ್ಲ, ನಾನೂ ಕೊಟ್ಟಿದ್ದೇನೆ. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ಕೇಳಲಿಲ್ಲ.

ಮುಂದಿನ ಪುಟದಲ್ಲಿ ಟ್ರಸ್ಟಿಗಳ ಪಟ್ಟಿ ಇದೆ. ಪ್ರತಿಯೊಬ್ಬರೂ ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತಾರೆ, ಎಷ್ಟು ಸಂಬಳ ಎಂದು ಬರೆಯಬೇಕು. ನಿನ್ನ ಭಾವನ ಮುಂದೆ ಸಂಬಳ ಸೊನ್ನೆ, ಸರಿ. ಗಂಟೆ ಎಂಬಲ್ಲಿ ಹತ್ತು ಎಂದಿತ್ತು.

“ದಿನಕ್ಕಾ?” ಅಂದೆ.

ಆಡಿಟರ್ ನಕ್ಕಳು. “ನಾನೂ ಕೇಳಿದ್ದೆ. ‘ಹತ್ತು ಅಂತಾನೇ ಹಾಕಿ ಮೇಡಂ, ನಿಜ ಬರೆದ್ರೆ ನಮ್ಮನೆಯವ್ರು ಎಲ್ಲಾದ್ರೂ ನೋಡಿಬಿಟ್ರೆ ಕಷ್ಟ’ ಅಂದ್ರು. ಕಡಿಮೆ ಬರೆದ್ರೆ ಯಾರೂ ಏನೂ ಅನ್ನಲ್ಲ ಅಂತ ಹಾಕಿದೆ.”

ಆ ಮನುಷ್ಯ ಸರ್ಕಾರಕ್ಕೆ ಹೇಳಿದ ಒಂದೇ ಒಂದು ಸುಳ್ಳು, ಅದೂ ನನಗೆ ಹೆದರಿ. ಟ್ರಸ್ಟಿನ ಫೋನಿನಿಂದ ನನಗೆ ಒಂದು ಕರೆ ಮಾಡದವರು, ಟ್ರಸ್ಟಿನ ಪೆನ್ನಿನಲ್ಲಿ ಹಾಲಿನವನ ಲೆಕ್ಕ ಬರೆದದ್ದಕ್ಕೆ ನನ್ನ ಮೇಲೆ ಮುನಿಸಿಕೊಂಡವರು. ನನಗೂ ನಗು ಬಂತು. ಆಮೇಲೆ ಎದೆ ಭಾರವಾಗುತ್ತದೆ ಎಂದು ಕಾದೆ, ಆಗಲಿಲ್ಲ. ಈ ಸಲ ಐವತ್ತೈದು ಎಂದು ಬರೆಯಿರಿ ಅಂದೆ. ಬರೆದಳು.

ಆಸ್ತಿಯ ಪುಟದಲ್ಲಿ ವ್ಯಾನುಗಳಿವೆ. ವರ್ಷವರ್ಷಕ್ಕೂ ಅವುಗಳ ಬೆಲೆಯಲ್ಲಿ ಇಷ್ಟು ಎಂದು ಸವಕಳಿ ಕಳೆಯುತ್ತಾರಂತೆ. ಹಳೆಯ ವ್ಯಾನಿಗೆ ಕಾಗದದ ಮೇಲೆ ಈಗ ಬೆಲೆಯೇ ಇಲ್ಲ, ರಸ್ತೆಯ ಮೇಲೆ ಮಾತ್ರ ಓಡುತ್ತಿದೆ. ಹಾಗಾದರೆ ನನ್ನನ್ನೂ ಅದೇ ಸಾಲಿಗೆ ಸೇರಿಸಿ ಅಂದೆ. ಆಕೆ ಇನ್ನೊಂದು ಟೀ ತರಿಸಿದಳು.

ಕೊನೆಗೆ ಚೌಕದ ವಿಷಯ ಕೇಳಿದೆ. ಮುಚ್ಚಿದರೆ ವ್ಯಾನನ್ನು ಯಾರೂ ಸ್ವಂತಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ, ಇಂಥದೇ ಕೆಲಸ ಮಾಡುವ ಬೇರೆ ಸಂಸ್ಥೆಗೆ ಕೊಡಬೇಕು ಅಂದಳು. ಈ ಊರಿನಲ್ಲಿ ಇಂಥ ಕೆಲಸ ಮಾಡುವವರು ಬೇರೆ ಇಲ್ಲ. ಮುಂದುವರಿಸುವುದಾದರೆ ಫೋನಿನ ಪಕ್ಕ ಕೂರಲು ಸಂಬಳ ಕೊಟ್ಟು ಒಬ್ಬರನ್ನು ಇಡಬೇಕು. ಆಗ ಏಳು ಹತ್ತೊಂಬತ್ತಾಗುತ್ತದೆ. ಕಾರ್ಖಾನೆಯವರ ನಿಯಮ, ಆಡಳಿತ ಹದಿನೈದು ದಾಟಿದರೆ ಹಣ ಇಲ್ಲ.

“ಹಾಗಾದ್ರೆ ಏನ್ಮಾಡ್ತಾರೆ ಜನ?”

“ಕೆಲವರು ಹತ್ತೊಂಬತ್ತನ್ನ ಹದಿನಾಲ್ಕು ಮಾಡಿ ತೋರಿಸ್ತಾರೆ. ಗುಮಾಸ್ತನ ಅರ್ಧ ಸಂಬಳ ಸೇವೆಗೆ ತಳ್ತಾರೆ. ನಾನು ಮಾಡಲ್ಲ.” ಲೆಕ್ಕದ ಹಾಳೆಗಳನ್ನು ಜೋಡಿಸುತ್ತ ಅಂದಳು, “ಕೆಲವರು ಕಾರ್ಖಾನೆಗೆ ಹೋಗಿ ಹೇಳ್ತಾರೆ, ನೋಡಿ, ಪುಕ್ಕಟೆ ಕೂತಿದ್ದೋರು ಹೋಗ್ಬಿಟ್ರು ಅಂತ.”

ಫಾರಮ್ಮನ್ನು ಇಷ್ಟು ಓದಿದ ಮೇಲೆ ತೊಂಬತ್ತೊಂದು ಹೇಗಿರುತ್ತದೆ ಎಂದು ಕಣ್ಣಾರೆ ನೋಡಬೇಕೆನಿಸಿತು. ಮಂಗಳವಾರ ಬೆಳಗ್ಗೆ ಗೇಟಿನ ಬಳಿ ಹೋಗಿ, ನಾನೂ ಬರುತ್ತೇನೆ ಎಂದು ಡ್ರೈವರಿಗೆ ಹೇಳಿದೆ. ದೊಡ್ಡ ಡ್ರೈವರು, ನಿನಗೆ ಗೊತ್ತಲ್ಲ, ನೀನು ಬಂದಾಗಲೆಲ್ಲ ಬ್ಯಾಗು ಹೊರಲು ಓಡಿ ಬರುವವನು. ಅವನು ಬಾಗಿಲು ತೆಗೆದು ಆ ಕಡೆ ತಿರುಗಿ ನಿಂತ. ಅಷ್ಟು ವರ್ಷ ನಮ್ಮ ಮನೆಯ ಮುಂದಿನಿಂದ ಹೊರಟ ವ್ಯಾನಿನಲ್ಲಿ ನಾನು ಕುಳಿತದ್ದು ಅಂದೇ ಮೊದಲು.

ನಾಲ್ಕು ಮನೆಗಳ ಮುಂದೆ ನಿಂತೆವು. ಒಬ್ಬ ಅಜ್ಜಿ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದನ್ನು ಸಣ್ಣ ಬಾಟಲಿಯಲ್ಲಿ ತುಂಬಿಕೊಂಡು, ಅದರ ಮುಚ್ಚಳದಲ್ಲಿ ಅಳೆದು ಕುಡಿಯುತ್ತಿದ್ದಳು. ನನ್ನ ಪಕ್ಕ ಕುಳಿತವನು ಟೈಲರ್. ತೋಳಿನ ಮೇಲೆ ಸೂಜಿ ಚುಚ್ಚುವ ಜಾಗ ಹಗ್ಗದ ಹಾಗೆ ಉಬ್ಬಿತ್ತು. ಆದರೂ ಅಂಗಿಗೆ ಇಸ್ತ್ರಿ ಹಾಕಿದ್ದ.

“ಮುಚ್ತೀರಂತೆ?” ಅಂದ.

“ಯಾರಪ್ಪ ಹೇಳಿದ್ದು?”

“ಯಾರೂ ಹೇಳಿಲ್ಲ. ನೀವು ವ್ಯಾನ್ ಹತ್ತಿದ್ರಲ್ಲ, ಅದಕ್ಕೇ. ಮುಚ್ಚೋಕೆ ಮುಂಚೆ ತಾನೇ ದೊಡ್ಡೋರು ನೋಡೋಕೆ ಬರೋದು.”

ಬಸ್ಸಿನಲ್ಲಿ ಹೋಗಲು ಆಗುವುದಿಲ್ಲವೇ ಎಂದು ಕೇಳಿದೆ. ಇತಿಹಾಸದ ಟೀಚರು, ಪ್ರಶ್ನೆ ಕೇಳುವುದು ಬಿಟ್ಟರೆ ಇನ್ನೇನು ಬರುತ್ತದೆ.

“ಹೋಗ್ಬಹುದು ಟೀಚರ್. ಬರೋದೇ ಕಷ್ಟ. ನಾಲ್ಕು ಗಂಟೆ ಮಿಷನ್ನಲ್ಲಿ ಮಲಗಿ ಎದ್ರೆ ನಾನು ಮನುಷ್ಯ ಅಲ್ಲ, ಹಿಂಡಿ ಒಣಗಾಕಿದ ಬಟ್ಟೆ. ಎರಡು ಬಸ್ ಬದಲಾಯಿಸ್ಬೇಕು. ಎರಡನೇ ಬಸ್ಸಲ್ಲಿ ಒಂದ್ಸಲ ಬಿದ್ದೆ. ಕುಡಿದಿದಾನೆ ಅಂತ ಇಳಿಸಿಬಿಟ್ರು.” ಅವನು ಅದನ್ನು ತಮಾಷೆಯಂತೆ ಹೇಳಿದ. “ವ್ಯಾನ್ ಇಲ್ದಿದ್ರೆ ವಾರಕ್ಕೆ ಮೂರ್ಸಲ ಹೋಗೋದು ಒಂದ್ಸಲ ಆಗತ್ತೆ. ಆಮೇಲೆ ಅದೂ ಇಲ್ಲ.”

ಮಧ್ಯಾಹ್ನ ಅವರನ್ನು ಕರೆತರುವಾಗಲೂ ಹೋದೆ. ಟೈಲರ್ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ, ತಲೆ ಕಿಟಕಿಗೆ ಬಡಿಯುತ್ತಿತ್ತು. ನನ್ನ ಬ್ಯಾಗನ್ನು ನಡುವೆ ಇಟ್ಟೆ. ಅಯ್ಯೋ ಪಾಪ ಎಂದು ಕರುಳು ಚುರುಕ್ ಅಂದಿತೇ ಎಂದು ನೀನು ಕೇಳಿದರೆ, ಇಲ್ಲ. ಏನೂ ಅನ್ನಲಿಲ್ಲ. ಆದರೆ ಅವನ ತಲೆ ಬಡಿಯುತ್ತಿದೆ ಎಂದು ಗೊತ್ತಾಯಿತು, ಬ್ಯಾಗು ಇಡಬೇಕು ಎಂದು ಗೊತ್ತಾಯಿತು. ಸದ್ಯಕ್ಕೆ ಅಷ್ಟು ಸಾಕು ಅಂದುಕೊಂಡೆ.

ಗುರುವಾರ ಮೀಟಿಂಗ್ ಕರೆದೆ. ಮುಚ್ಚುವುದಿಲ್ಲ ಅಂದೆ. ನಾನು ಟ್ರಸ್ಟಿಯಾಗುತ್ತೇನೆ, ಸಹಿ ಹಾಕುತ್ತೇನೆ, ಆದರೆ ಐವತ್ತೈದು ಗಂಟೆ ಪುಕ್ಕಟೆ ಕೂರುವುದಿಲ್ಲ. ಸಣ್ಣ ಡ್ರೈವರನ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವಳು, ಅವಳಿಗೆ ಸಂಬಳ ಕೊಟ್ಟು ಇಡೋಣ. ಹತ್ತೊಂಬತ್ತು ಇದ್ದರೆ ಹತ್ತೊಂಬತ್ತು ಎಂದೇ ಬರೆಯೋಣ.

“ಕಾರ್ಖಾನೆಯವ್ರು ಕೈ ಎತ್ತಿಬಿಟ್ರೆ?” ಅಂದರು ಔಷಧಿಯವರು. ರಬ್ಬರ್ ಬ್ಯಾಂಡ್ ಹರಿದೇಹೋಯಿತು.

“ನಾನು ಹೋಗಿ ಮಾತಾಡ್ತೀನಿ. ಎಂಟನೇ ಕ್ಲಾಸಿನ ಹಿಂದಿನ ಬೆಂಚಿಗೇ ಪಾಠ ಮಾಡಿದೀನಿ, ಇವ್ರೇನು ಮಹಾ.”

ಶುಕ್ರವಾರ ಬೆಳಗ್ಗೆಯೇ ಹೋದೆ. ಮ್ಯಾನೇಜರು ಚಿಕ್ಕ ವಯಸ್ಸಿನವನು. ಅವನ ಮುಂದೆ ಫಾರಮ್ಮಿನ ಪುಟ ಇಟ್ಟು, ಏಳು ಯಾಕೆ ಏಳಾಗಿತ್ತು, ಯಾಕೆ ಹತ್ತೊಂಬತ್ತಾಗುತ್ತದೆ ಎಂದು ಆರನೆಯ ಕ್ಲಾಸಿಗೆ ಹೇಳುವ ಹಾಗೆ ಹೇಳಿದೆ. ಒಂದು ವರ್ಷಕ್ಕೆ ಒಪ್ಪಿದ್ದಾರೆ, ಅದೂ ಕೊಡುತ್ತಿದ್ದುದರ ಅರ್ಧಕ್ಕೆ. ಉಳಿದರ್ಧ ಎಲ್ಲಿಂದ ಎಂದು ನೋಡಬೇಕು. ಅಂತೂ ಬರುವ ವರ್ಷದ ತನಕ ಟೈಲರ್ ವ್ಯಾನಿನಲ್ಲೇ ಹೋಗಿಬರುತ್ತಾನೆ.

ಗುರುವಾರದ ಮೀಟಿಂಗಿನಲ್ಲಿ ಒಂದು ಠರಾವನ್ನೂ ಬರೆಸಿದೆ. ಟ್ರಸ್ಟಿಗಳಾಗಲಿ, ಅವರ ಮನೆಯವರಾಗಲಿ ಕಾಯಿಲೆ ಬಿದ್ದರೆ ಬೇರೆಯವರಂತೆ ಅವರೂ ವ್ಯಾನು ಹತ್ತಬಹುದು ಎಂದು. ಎಂಜಿನಿಯರ್ ಕನ್ನಡಕ ತೆಗೆದಿಟ್ಟರು.

“ಸಾರ್ ಇದ್ದಿದ್ರೆ ಇದಕ್ಕೆ ಒಪ್ತಿರ್ಲಿಲ್ಲ ಅಕ್ಕ.”

“ಗೊತ್ತು. ಅದಕ್ಕೇ ಬರೆಸ್ತಿರೋದು.”

ಇಬ್ಬರೂ ಸಹಿ ಹಾಕಿದರು.

ಅದೇ ಶುಕ್ರವಾರ ಸಂಜೆ ಆಡಿಟರ್ ಆಫೀಸಿನಲ್ಲಿ ರಿಟರ್ನಿಗೆ ಸಹಿ ಹಾಕಿ ಬಂದೆ. ಕೊನೆಯ ರಿಟರ್ನ್ ಎಂಬ ಚೌಕ ಖಾಲಿ ಇದೆ. ನೀನು ಪಕ್ಕದಲ್ಲಿದ್ದಿದ್ದರೆ ಅಕ್ಕನ ಬೆನ್ನು ತಟ್ಟುತ್ತಿದ್ದೆ. ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೇನೆ ಅಂದರೆ, ನಿನ್ನ ಬ್ಯಾಂಕಿನಲ್ಲಿ ಒಂದು ಕೆಲಸ ಖಾಲಿ ಇದ್ದರೆ ಹೇಳು. ಮನೆಗೆ ಬಂದು ಕೈಕಾಲು ತೊಳೆದು ಮಲಗಿದೆ, ನಿದ್ದೆಯೂ ಬಂತು.

ಇನ್ನು ನಿನ್ನ ವಿಷಯ. ಮಂಡಿ ನೋವಿಗೆ ಡಾಕ್ಟರನ್ನು ನೋಡು. ಮುಲಾಮು ಹಚ್ಚಿ ಹಚ್ಚಿ ಕಾಲ ತಳ್ಳಬೇಡ, ನೀನು ಹುಟ್ಟಾ ಮೊಂಡಿ. ನಿನ್ನ ಯಜಮಾನರಿಗೆ ನಾನು ಕೇಳಿದೆ ಎಂದು ಹೇಳು. ಮಗಳಿಗೆ ಚಿತ್ರ ಬರೆಯುವುದನ್ನು ನಿಲ್ಲಿಸಬೇಡ ಅನ್ನು, ಮುಂದಿನ ಸಲ ಮೂಗು ಸ್ವಲ್ಪ ಕತ್ತರಿಸಲಿ ಸಾಕು. ನೀವು ಮೂವರೂ ನೂರು ಕಾಲ ನೆಮ್ಮದಿಯಾಗಿರಿ, ಒಬ್ಬರ ಕಣ್ಣೆದುರು ಒಬ್ಬರು ಇರಿ. ದೊಡ್ಡವಳಾಗಿ ನಾನು ಹರಸುವುದು ಅಷ್ಟನ್ನೇ. ರಜೆ ಸಿಕ್ಕಿದಾಗ ಬಾ. ಈ ಸಲ ಫೋನು ಎತ್ತುತ್ತೇನೆ.

ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ
ಅಕ್ಕ

ತಾ.ಕ.

ಪತ್ರವನ್ನು ಲಕೋಟೆಗೆ ಹಾಕಿ ಅಂಟು ಹಚ್ಚಿದ್ದೆ. ಮತ್ತೆ ಒಡೆದೆ.

ಅವರು ಹೋದ ಮರುದಿನ ನೀನು ಬಂದಾಗ, ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು, “ಆಸ್ಪತ್ರೆಗೆ ಸೇರಿಸೋಕೆ ಅಷ್ಟೊತ್ತು ಯಾಕಾಯ್ತು ಅಕ್ಕಾ?” ಎಂದು ಕೇಳಿದೆ. ಆಂಬುಲೆನ್ಸ್ ತಡವಾಯಿತು ಎಂದು ನಾನು ಅಂದೆ. ಅದು ಸುಳ್ಳಲ್ಲ.

ಆವತ್ತು ಬೆಳಗ್ಗೆ ದೊಡ್ಡ ಡ್ರೈವರು ವ್ಯಾನು ತಂದು ಗೇಟಿನ ಮುಂದೆ ನಿಲ್ಲಿಸಿ, ಯಾರ ಯಾರ ಮನೆ ಎಂದು ಕೇಳಲು ಒಳಗೆ ಬಂದಿದ್ದ. ಇಂಜಿನ್ ಓಡುತ್ತಲೇ ಇತ್ತು. ನಿನ್ನ ಭಾವ ಎದೆ ಒತ್ತಿ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತಿದ್ದರು, ಅಂಗಿಯೆಲ್ಲ ಬೆವರು. “ಹತ್ತಿ ಸಾರ್, ಹತ್ತೇ ನಿಮಿಷ,” ಎಂದು ಅವನು ಎಬ್ಬಿಸಲು ಹೋದ. ಅವರು ಕೈ ಕೊಡವಿದರು. “ಅದು ಪೇಷೆಂಟ್‌ಗಳ ವ್ಯಾನು. ಟ್ರಸ್ಟಿ ಮನೆಯವ್ರು ಹತ್ತೋ ಹಾಗಿಲ್ಲ. ಪ್ರತಿ ವರ್ಷ ಫಾರಮ್ಮಲ್ಲಿ ಕೇಳ್ತಾರೆ, ಪ್ರತಿ ವರ್ಷ ಇಲ್ಲ ಅಂತ ಬರೆದಿದೀನಿ. ನೀನು ಹೋಗು, ಅಲ್ಲಿ ಅವ್ರು ಕಾಯ್ತಿರ್ತಾರೆ,” ಅಂದರು. ಅವನು ನನ್ನ ಮುಖ ನೋಡಿದ. ಅವರ ಮಾತು ನನಗೆ ಹೊಸದಲ್ಲ, ಆ ಮಾತಿನ ಮೇಲೆ ನನಗೆ ಹೆಮ್ಮೆಯೂ ಇತ್ತು. “ಆಂಬುಲೆನ್ಸಿಗೆ ಫೋನ್ ಮಾಡಿದೀನಿ, ನೀನು ಹೋಗಪ್ಪ,” ಅಂದೆ.

ಆಂಬುಲೆನ್ಸ್ ಬರುವಷ್ಟರಲ್ಲಿ ವ್ಯಾನು ನಾಲ್ಕು ಜನರನ್ನು ಆಸ್ಪತ್ರೆಯಲ್ಲಿ ಇಳಿಸಿ ವಾಪಸು ಬಂದು ನಿಂತಿತ್ತು.

ಆಡಿಟರನ್ನು ನಾನು ಮೊದಲ ದಿನವೇ ಆ ಪ್ರಶ್ನೆಯ ಬಗ್ಗೆ ಕೇಳಿದೆ. 'ಈ ವರ್ಷ ಯಾವುದೇ ಟ್ರಸ್ಟಿ ಅಥವಾ ಅವರ ಕುಟುಂಬದವರು ಸಂಸ್ಥೆಯಿಂದ ಪ್ರಯೋಜನ ಪಡೆದಿದ್ದಾರೆಯೇ?' ಅದು ಸಂಬಳ, ಸಾಲ, ಮನೆ, ಇಂಥ ವಿಶೇಷ ಲಾಭಕ್ಕೆ ಕೇಳುವುದಂತೆ. “ಊರಿನ ಯಾವ ಕಾಯಿಲೆಯವರು ಬೇಕಾದ್ರೂ ಹತ್ತೋ ವ್ಯಾನನ್ನ ಟ್ರಸ್ಟಿನೂ ಹತ್ತಬಹುದು ಟೀಚರ್. ಅವ್ರೂ ಊರಿನವರೇ ತಾನೆ? ಆಗ್ಲೂ ಇಲ್ಲ ಅಂತಾನೇ ಬರೀಬಹುದು.” ಯಂತ್ರ ಶುರುವಾಗಿತ್ತು. ಸರಿಯಾಗಿ ಕೇಳಿಸಲಿಲ್ಲ ಎಂದು ಮತ್ತೊಮ್ಮೆ ಹೇಳಿಸಿದೆ. ಕೇಳಿಸಿತ್ತು.

ಅವರು ಹತ್ತಿದ್ದರೂ ಅಲ್ಲಿ ಇಲ್ಲ ಎಂದೇ ಬರೆಯಬಹುದಿತ್ತು ಗುಂಡೂ. ಈ ವರ್ಷವೂ ಇಲ್ಲ ಎಂದೇ ಬರೆದಿದ್ದೇವೆ. ಕೆಳಗೆ ನನ್ನ ಸಹಿ ಇದೆ.